ಕಲ್ಲಿನ ಪಾಗಾರವೇ ಗಡಿ: ಕ್ರಾಂತಿಯಲ್ಲಿ ಹಳ್ಳಿಗರ ಪಾತ್ರ

ರಾಜಕೀಯ ಕ್ರಾಂತಿಗಳ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ನಗರವಾಸಿಗಳು. ಅದರಿಂದಲೇ ಇರಬೇಕು, ಆ ಇತಿಹಾಸಗಳಲ್ಲಿ ಹಳ್ಳಿಗನಿಗೆ ದೊರೆಯುವ ಸ್ಥಾನ ಬಹಳ ಕಿರಿದು. ಚಿಂತಕರು ಸಿದ್ಧಾಂತ ರೂಪಿಸುತ್ತಾರೆ, ನಾಯಕರು ಕರೆ ಕೊಡುತ್ತಾರೆ, ಹಳ್ಳಿಗರು ಕೋವಿ ಹಿಡಿದು ಹೊರಟು ಸಾಯುತ್ತಾರೆ, ಕೊನೆಗೆ ರಾಜಧಾನಿಯಲ್ಲಿ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸುತ್ತದೆ. ಒಕ್ಕಲು ಮಾಡುವವ, ಇದ್ದಿಲು ಸುಡುವವ, ದನ ಕಾಯುವವ ಇವರೆಲ್ಲ ಬೇರೊಬ್ಬರು ಹೊತ್ತಿಸಿದ ಬೆಂಕಿಗೆ ಸೌದೆಯಾದವರೆಂಬಂತೆ ಚಿತ್ರಿತರಾಗುತ್ತಾರೆ. ಈ ಚಿತ್ರ ಎಷ್ಟು ಅಪೂರ್ಣವೆಂಬುದನ್ನು ಅರಿಯಲು ಮೆಕ್ಸಿಕೋ ದೇಶದಲ್ಲಿ 1910ರಲ್ಲಿ ಆರಂಭವಾದ ಕ್ರಾಂತಿಯನ್ನು, ಅದರಲ್ಲಿಯೂ ಮೊರೆಲೋಸ್ ಎಂಬ ಪುಟ್ಟ ರಾಜ್ಯದ ಹಳ್ಳಿಗಳ ಕಥೆಯನ್ನು ತುಸು ವಿವರವಾಗಿ ನೋಡಬೇಕು. ನೆಲ, ಕಾಡು, ನೀರಿನ ಪ್ರಶ್ನೆ ಒಂದು ರಾಷ್ಟ್ರದ ಸಂವಿಧಾನದೊಳಗೆ ಹೊಕ್ಕ ಕಥೆ ಅದು. ಆ ಪ್ರಶ್ನೆಯನ್ನು ಅಲ್ಲಿಗೆ ಒಯ್ದವರು ಪಂಡಿತರಲ್ಲ, ಊರವರು.

ಕಬ್ಬು ನುಂಗಿದ ಊರುಗಳು

ಮೆಕ್ಸಿಕೋ ನಗರದಿಂದ ದಕ್ಷಿಣಕ್ಕೆ ಪರ್ವತಶ್ರೇಣಿಯನ್ನು ದಾಟಿದರೆ ಮೊರೆಲೋಸ್ ಸಿಗುತ್ತದೆ. ಉತ್ತರದ ಎತ್ತರದಲ್ಲಿ ಪೈನ್ ಮತ್ತು ಓಕ್ ಮರಗಳ ಕಾಡು. ಇಳಿಯುತ್ತ ಹೋದಂತೆ ಬಿಸಿಲಿನ, ನೀರಾವರಿಯ ಕಣಿವೆಗಳು. ಮಳೆಗಾಲ ಹಿಡಿಯುವುದು ಅಲ್ಲಿಯೂ ಜೂನ್ ತಿಂಗಳ ಸುಮಾರಿಗೇ. ಮಳೆಗೆ ಮುನ್ನ ಹೊಲ ಹಸನು ಮಾಡಿ, ಮೆಕ್ಕೆಜೋಳದ ಜೊತೆಗೆ ಬೀನ್ಸ್ ಮತ್ತು ಕುಂಬಳವನ್ನು ಒಂದೇ ಹೊಲದಲ್ಲಿ ಬೆಳೆಯುವುದು ಅಲ್ಲಿನ ಬಹು ಪ್ರಾಚೀನ ಪದ್ಧತಿ. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆಯನ್ನು ಅಡಗಿಸುತ್ತದೆ, ಬೀನ್ಸ್ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಹೊಲದಾಚೆಗೆ ಊರೊಟ್ಟಿನ ಹುಲ್ಲುಗಾವಲು ಮತ್ತು ಕಾಡು. ಮಲೆನಾಡಿನ ಓದುಗರಿಗೆ ಗೋಮಾಳ, ಸೊಪ್ಪಿನ ಬೆಟ್ಟಗಳ ನೆನಪು ಬಂದರೆ ಅದು ತಪ್ಪಲ್ಲ. ಅನೇಕ ಊರುಗಳ ಬಳಿ ಸ್ಪೇನಿನ ಆಳ್ವಿಕೆಯ ಕಾಲದ ಹಕ್ಕುಪತ್ರಗಳೂ ಇದ್ದವು.

ಈ ವ್ಯವಸ್ಥೆಯನ್ನು ಕೆಡಿಸಿದ್ದು ಸಕ್ಕರೆ. 1876ರಲ್ಲಿ ಅಧಿಕಾರ ಹಿಡಿದ ಪೊರ್ಫಿರಿಯೊ ಡಿಯಾಜ್‌ನ ಸರ್ಕಾರಕ್ಕೆ ರೈಲು, ಕಾರ್ಖಾನೆ, ರಫ್ತು ಇವೇ ಪ್ರಗತಿಯ ಗುರುತುಗಳು. 1881ರಲ್ಲಿ ರೈಲು ಮೊರೆಲೋಸಿನ ಕ್ವೌಟ್ಲಾ ಪಟ್ಟಣವನ್ನು ತಲುಪಿತು. ಅದರ ಹಿಂದೆಯೇ ಕಬ್ಬಿನ ಗಾಣಗಳಿಗೆ ಹೊಸ ಯಂತ್ರಗಳು ಬಂದವು. ದೊಡ್ಡ ಯಂತ್ರಕ್ಕೆ ಹೆಚ್ಚು ಕಬ್ಬು ಬೇಕು, ಹೆಚ್ಚು ಕಬ್ಬಿಗೆ ಹೆಚ್ಚು ನೆಲ ಮತ್ತು ನೀರು ಬೇಕು, ಕುದಿಸಲು ಕಾಡಿನ ಸೌದೆ ಬೇಕು, ಕಡಿಯಲು ನೆಲ ಕಳೆದುಕೊಂಡ ಕೂಲಿಗಳು ಬೇಕು. ಹಸಿಯೆಂಡ ಎಂದು ಕರೆಯಲಾಗುವ ಜಮೀನ್ದಾರಿ ಎಸ್ಟೇಟುಗಳು ಈ ನಾಲ್ಕನ್ನೂ ಊರುಗಳಿಂದಲೇ ಪಡೆದುಕೊಂಡವು. ಕ್ರಾಂತಿಯ ಹಿಂದಿನ ವರ್ಷಗಳಲ್ಲಿ ಹದಿನೇಳು ಮಾಲಿಕರ ಮೂವತ್ತಾರು ದೊಡ್ಡ ಹಸಿಯೆಂಡಗಳು ರಾಜ್ಯದ ಕಾಲುಭಾಗಕ್ಕೂ ಹೆಚ್ಚು ನೆಲವನ್ನು, ಒಳ್ಳೆಯ ಸಾಗುವಳಿ ಭೂಮಿಯ ಬಹುಪಾಲನ್ನು ಹಿಡಿದಿದ್ದವು. ದೇಶದ ಸಕ್ಕರೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಂದಲೇ ಬರುತ್ತಿತ್ತು.

ಈ ಅಂಕಿಗಳ ಹಿಂದೆ ಕಣ್ಮರೆಯಾದ ಊರುಗಳಿವೆ. ತೆಕೆಸ್ಕಿತೆಂಗೊ ಎಂಬ ಊರಿನ ಕಥೆ ಆ ನಾಡಿನಲ್ಲಿ ಪ್ರಸಿದ್ಧ. ಪಕ್ಕದ ಹಸಿಯೆಂಡ ತನ್ನ ನೀರಾವರಿಯ ನೀರನ್ನು ಅಲ್ಲಿನ ಸರೋವರಕ್ಕೆ ಹರಿಯಬಿಟ್ಟಿತು; ಊರು ಮುಳುಗಿತು; ಚರ್ಚಿನ ಗೋಪುರವೊಂದೇ ನೀರಿನ ಮೇಲೆ ಉಳಿಯಿತು. ಮುಳುಗಡೆಯನ್ನು ಕಂಡ ಯಾವ ನಾಡಿನವರಿಗೂ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅನೆನೆಕುಯಿಲ್ಕೊದ ಪೆಟ್ಟಿಗೆ

ಕ್ವೌಟ್ಲಾದ ಸಮೀಪದ ಅನೆನೆಕುಯಿಲ್ಕೊ ನಾಲ್ಕು ನೂರು ಜನರೂ ಇಲ್ಲದ ಹಳ್ಳಿ. 1909ರ ಸೆಪ್ಟೆಂಬರಿನಲ್ಲಿ ಅಲ್ಲಿನ ಗಂಡಸರು ಸಭೆ ಸೇರಿದರು. ಊರಿನ ಹಿರಿಯ ಮುಖ್ಯಸ್ಥ ಹೊಸೆ ಮೆರಿನೊ ತಮಗೆ ವಯಸ್ಸಾಯಿತು, ವ್ಯಾಜ್ಯಕ್ಕಾಗಿ ಓಡಾಡುವ ಶಕ್ತಿಯಿಲ್ಲ, ಹೊಸಬರನ್ನು ಆರಿಸಿಕೊಳ್ಳಿ ಎಂದರು. ಊರು ಆರಿಸಿದ್ದು ಮೂವತ್ತು ವರ್ಷದ ಎಮಿಲಿಯಾನೊ ಜಪಾಟಾನನ್ನು. ಆತ ಸ್ವಲ್ಪ ಜಮೀನು, ಕೆಲವು ದನಗಳಿದ್ದ, ಕುದುರೆ ಪಳಗಿಸುವುದರಲ್ಲಿ ಹೆಸರಾದ ಒಕ್ಕಲಿನವ. ಅವನ ಕೈಗೆ ಊರು ಒಪ್ಪಿಸಿದ್ದು ಆಯುಧವನ್ನಲ್ಲ, ಹಳೆಯ ಹಕ್ಕುಪತ್ರಗಳನ್ನು. ಊರಿನ ಕಾರ್ಯದರ್ಶಿ ಫ್ರಾನ್ಸಿಸ್ಕೊ ಫ್ರಾಂಕೊನೊಡನೆ ಕುಳಿತು ಆತ ಆ ಕಾಗದಗಳನ್ನು ದಿನಗಟ್ಟಲೆ ಪರಿಶೀಲಿಸಿದ. ಮುಂದೆ ಯುದ್ಧಕ್ಕೆ ಹೊರಟಾಗಲೂ ಆ ಪೆಟ್ಟಿಗೆಯ ಕಾವಲನ್ನು ಫ್ರಾಂಕೊಗೆ ವಹಿಸಿದ.

1910ರ ವಸಂತದಲ್ಲಿ ಆಸ್ಪಿತಾಲ್ ಹಸಿಯೆಂಡ ಅನೆನೆಕುಯಿಲ್ಕೊದವರು ಸಾಗುವಳಿ ಮಾಡುತ್ತ ಬಂದಿದ್ದ ಹೊಲಗಳನ್ನು ಅವರಿಗೆ ಕೊಡಲು ನಿರಾಕರಿಸಿ ಬೇರೆ ಊರಿನವರಿಗೆ ಗೇಣಿಗೆ ಕೊಟ್ಟಿತು. ಊರವರು ರಾಜ್ಯಪಾಲರಿಗೆ ಅರ್ಜಿ ಬರೆದರು. ಮಳೆ ಹತ್ತಿರ ಬಂದಿದೆ, ಹೊಲ ಹಸನು ಮಾಡಿಕೊಳ್ಳಬೇಕಾಗಿದೆ ಎಂಬುದು ಆ ಅರ್ಜಿಯ ಸಾರ. ಕಚೇರಿಯಿಂದ ಕಚೇರಿಗೆ ಕಾಗದ ತಿರುಗಿತು, ಮೋಡ ಕಾಯಲಿಲ್ಲ. ಬೇಕಿದ್ದರೆ ಹೂಕುಂಡದಲ್ಲಿ ಬೆಳೆದುಕೊಳ್ಳಲಿ ಎಂಬ ಉತ್ತರ ಹಸಿಯೆಂಡದಿಂದ ಬಂದಿತೆಂದು ಆ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಕೊನೆಗೆ ಜಪಾಟಾ ಎಂಬತ್ತರಷ್ಟು ಜನರೊಡನೆ ಹೊಲಕ್ಕೆ ಹೋಗಿ, ಅಲ್ಲಿದ್ದ ಗೇಣಿದಾರರಿಗೆ ತಮ್ಮ ಜಗಳ ಅವರೊಡನೆ ಅಲ್ಲವೆಂದು ತಿಳಿಸಿ, ನೆಲವನ್ನು ಊರವರಿಗೆ ಹಂಚಿದ.

ದೇಶದ ಕ್ರಾಂತಿಗೆ ಆಗಿನ್ನೂ ಕರೆ ಬಂದಿರಲಿಲ್ಲ. ಉತ್ತರದ ಸಿರಿವಂತ ಜಮೀನ್ದಾರ ಮನೆತನದ ಫ್ರಾನ್ಸಿಸ್ಕೊ ಮಡೆರೊ ಡಿಯಾಜ್‌ನ ವಿರುದ್ಧ ದಂಗೆಯೇಳಲು ಗೊತ್ತುಮಾಡಿದ ದಿನ 1910ರ ನವೆಂಬರ್ 20. ಆತನ ಮುಖ್ಯ ಬೇಡಿಕೆ ನ್ಯಾಯವಾದ ಚುನಾವಣೆ. ಅವನ ಘೋಷಣೆಯ ಮೂರನೇ ಕಲಮಿನಲ್ಲಿ ಮಾತ್ರ, ಅನ್ಯಾಯವಾಗಿ ಕಿತ್ತುಕೊಂಡ ನೆಲವನ್ನು ಹಿಂದಿರುಗಿಸುವ ಮಾತಿತ್ತು. ಮೊರೆಲೋಸಿನ ಹಳ್ಳಿಗರು 1911ರ ಮಾರ್ಚ್‌ನಲ್ಲಿ ಎದ್ದದ್ದು ಆ ಒಂದು ಕಲಮನ್ನು ನಂಬಿ. ಮೇ ತಿಂಗಳಲ್ಲಿ ಅವರು ಕ್ವೌಟ್ಲಾವನ್ನು ಹಿಡಿದರು. ಕೆಲವೇ ದಿನಗಳಲ್ಲಿ ಡಿಯಾಜ್ ರಾಜೀನಾಮೆ ಕೊಟ್ಟು ದೇಶ ಬಿಟ್ಟ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕ್ರಾಂತಿಯು ಹಳ್ಳಿಗೆ ಜಾಗೃತಿಯನ್ನು ತರಲಿಲ್ಲ. ಹಳ್ಳಿಯ ವ್ಯಾಜ್ಯವೇ ಕ್ರಾಂತಿಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತು. ತಲೆಮಾರುಗಳಿಂದ ಕಾಗದ ಕಾಪಾಡಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು, ಅರ್ಜಿ ಬರೆದು ದಣಿದವರು ಕೊನೆಗೆ ಕೋವಿ ಎತ್ತಿದರು. ಅಜ್ಞಾನದಿಂದ ರೊಚ್ಚಿಗೆದ್ದ ಗುಂಪು ಎಂದು ಅವರನ್ನು ಕರೆದ ರಾಜಧಾನಿಯ ಪತ್ರಿಕೆಗಳು ಈ ಹಿಂದಿನ ಕಥೆಯನ್ನು ಓದಿರಲಿಲ್ಲ.

ನೆಲ, ಕಾಡು, ನೀರು

ಅಧಿಕಾರಕ್ಕೆ ಬಂದ ಮಡೆರೊ ಹಳ್ಳಿಗರಿಗೆ ಹೇಳಿದ್ದು ಮೊದಲು ಆಯುಧ ಒಪ್ಪಿಸಿ, ನೆಲದ ವಿಷಯ ಆಮೇಲೆ ಕಾನೂನಿನ ಪ್ರಕಾರ ನೋಡೋಣ ಎಂದು. ಚುನಾವಣೆ ನಡೆದು ಅಧ್ಯಕ್ಷರು ಬದಲಾದ ಮೇಲೆ ಕ್ರಾಂತಿ ಮುಗಿಯಿತೆಂಬುದು ನಗರದ ಭಾವನೆ. ಹೊಲ ಇನ್ನೂ ಹಸಿಯೆಂಡದ ಬೇಲಿಯೊಳಗಿದ್ದುದರಿಂದ ಅದು ಆರಂಭವೇ ಆಗಿಲ್ಲವೆಂಬುದು ಹಳ್ಳಿಯ ಲೆಕ್ಕ. ಈ ಎರಡು ಲೆಕ್ಕಗಳ ನಡುವಿನ ಅಂತರವೇ 1911ರ ನವೆಂಬರಿನ ‘ಅಯಾಲಾ ಯೋಜನೆ’ಗೆ ಜನ್ಮ ಕೊಟ್ಟಿತು. ಅದನ್ನು ರೂಪಿಸಿದವರು ಜಪಾಟಾ ಮತ್ತು ಒಟಿಲಿಯೊ ಮೊಂಟಾನ್ಯೊ ಎಂಬ ಹಳ್ಳಿಶಾಲೆಯ ಮೇಷ್ಟರು. ಕಿತ್ತುಕೊಂಡ ‘ನೆಲ, ಕಾಡು, ನೀರು’ ಇವುಗಳನ್ನು ಹಕ್ಕುಪತ್ರವುಳ್ಳ ಊರುಗಳು ತಕ್ಷಣವೇ ವಶಕ್ಕೆ ತೆಗೆದುಕೊಳ್ಳಬೇಕು, ಆಕ್ಷೇಪವಿದ್ದವರು ಕ್ರಾಂತಿ ಗೆದ್ದ ಮೇಲೆ ವಿಶೇಷ ನ್ಯಾಯಮಂಡಳಿಯ ಮುಂದೆ ಬರಲಿ ಎಂಬುದು ಅದರ ತಿರುಳು. ಅಲ್ಲಿಯವರೆಗೆ ಸಾಬೀತುಪಡಿಸುವ ಹೊಣೆ ನೆಲ ಕಳೆದುಕೊಂಡವನ ಮೇಲಿತ್ತು. ಈಗ ಅದು ನೆಲ ಕಬಳಿಸಿದವನ ಮೇಲೆ ಬಿತ್ತು. ಕಾನೂನಿನ ದೃಷ್ಟಿಯಿಂದ ಇದೊಂದೇ ತಿರುವು ಸಾಕು, ಆ ದಾಖಲೆಯ ಮಹತ್ವವನ್ನು ಹೇಳಲು.

ಕಾಡೆಂಬ ಮಾತು ಅಲ್ಲಿ ಅಲಂಕಾರಕ್ಕೆ ಬಂದುದಲ್ಲ. ಕ್ವೆರ್ನವಾಕಾ ಪಟ್ಟಣದ ಮೇಲಿನ ಗುಡ್ಡದಲ್ಲಿರುವ ಸಾಂತಾ ಮರಿಯಾ ಊರಿಗೂ ತೆಮಿಶ್ಕೊ ಹಸಿಯೆಂಡಕ್ಕೂ ಕಾಡಿನ ವಿಷಯದಲ್ಲಿ ಬಹುಕಾಲದ ತಕರಾರಿತ್ತು. ಆ ಊರಿನ ಇದ್ದಿಲು ಸುಡುವ ಹೆನೊವೆವೊ ದೆ ಲಾ ಓ ಕ್ರಾಂತಿಯ ಮುಖ್ಯ ದಳಪತಿಗಳಲ್ಲೊಬ್ಬನಾದ. 1912ರ ಫೆಬ್ರವರಿಯಲ್ಲಿ ಸರ್ಕಾರಿ ಸೇನೆ ಸಾಂತಾ ಮರಿಯಾವನ್ನು ಸುಟ್ಟಿತು. ಹಳ್ಳಿಗರನ್ನು ಎಬ್ಬಿಸಿ ಕಾವಲಿನ ಶಿಬಿರಗಳಿಗೆ ಕೂಡುವ ಕ್ರಮವೂ ಆ ವರ್ಷವೇ ಶುರುವಾಯಿತು. ಫಲ ತಿರುಗುಮುರುಗಾಯಿತು: ಸುಟ್ಟ ಪ್ರತಿಯೊಂದು ಊರೂ ಬಂಡಾಯಕ್ಕೆ ಜನರನ್ನು ಒದಗಿಸಿತು.

ಆ ಸೇನೆಗೆ ಸಂಬಳವಿರಲಿಲ್ಲ, ಉಗ್ರಾಣವಿರಲಿಲ್ಲ. ಬಿತ್ತನೆಯ ಹೊತ್ತಿಗೆ ಸೈನಿಕರು ಹೊಲಕ್ಕೆ ಮರಳುತ್ತಿದ್ದರು, ಕೊಯ್ಲು ಮುಗಿದ ಮೇಲೆ ಮತ್ತೆ ಸೇರುತ್ತಿದ್ದರು. ಅವರಿಗೆ ರೊಟ್ಟಿ ಕಟ್ಟಿಕೊಟ್ಟವರು, ಸುದ್ದಿ ಮುಟ್ಟಿಸಿದವರು, ಗಾಯಾಳುಗಳನ್ನು ಅಡಗಿಸಿಟ್ಟವರು ಹಳ್ಳಿಯ ಹೆಂಗಸರು. ಪುಯೆಂತೆ ದೆ ಇಶ್ತ್ಲಾ ಎಂಬಲ್ಲಿ ಸತ್ತವರ ಹೆಂಡಿರು, ಹೆಣ್ಣುಮಕ್ಕಳು ಸೇರಿ ತಮ್ಮದೇ ಪಡೆಯನ್ನೂ ಕಟ್ಟಿದರು. ಯುದ್ಧಶಾಸ್ತ್ರದ ಪುಸ್ತಕಗಳು ಶಿಸ್ತಿನ ಕೊರತೆಯೆಂದು ಕರೆಯುವ ಈ ಹೋಗುಬರುವಿಕೆಯೇ ಒಂಬತ್ತು ವರ್ಷ ಆ ಹೋರಾಟವನ್ನು ಬದುಕಿಸಿದ್ದು. ಒಕ್ಕಲುತನ ನಿಲ್ಲದ ಕಾರಣ ಹೋರಾಟವೂ ನಿಲ್ಲಲಿಲ್ಲ.

ಸರ್ವೆಯವರು ಮತ್ತು ಪಾಗಾರ

1914ರ ಬೇಸಿಗೆಯ ಹೊತ್ತಿಗೆ ಮೊರೆಲೋಸ್ ಪೂರ್ತಿಯಾಗಿ ಹಳ್ಳಿಗರ ಕೈಗೆ ಬಂದಿತು. ಆ ವರ್ಷದ ನವೆಂಬರಿನಲ್ಲಿ ಅವರ ಪಡೆ ಮೆಕ್ಸಿಕೋ ನಗರವನ್ನು ಹೊಕ್ಕಾಗ, ಕೊಳ್ಳೆಯ ಭಯದಿಂದ ನಡುಗುತ್ತಿದ್ದ ನಾಗರಿಕರು ಕಂಡದ್ದು ಬಾಗಿಲು ತಟ್ಟಿ ವಿನಯದಿಂದ ಊಟ ಕೇಳುವ ರೈತರನ್ನು. ಅವರಿಗೆ ಸಿಂಹಾಸನ ಬೇಕಿರಲಿಲ್ಲ. ಊರಿಗೆ ಮರಳಿ ಗಡಿ ಗುರುತಿಸುವ ಕೆಲಸ ಬಾಕಿಯಿತ್ತು.

1915ರಲ್ಲಿ ಆ ಕೆಲಸ ನಡೆದ ರೀತಿ ಇಡೀ ಕಥೆಯ ಹೃದಯಭಾಗ. ರಾಷ್ಟ್ರೀಯ ಕೃಷಿ ಶಾಲೆಯಲ್ಲಿ ಓದಿದ ಹತ್ತಾರು ಯುವಕರು ಸರ್ವೆಗೆಂದು ಮೊರೆಲೋಸಿಗೆ ಬಂದರು. ಊರಿನ ಹಿರಿಯರು ಹಳೆಯ ನಕ್ಷೆ, ಹಕ್ಕುಪತ್ರಗಳೊಡನೆ ಅವರ ಮುಂದೆ ನಿಂತರು. ಒಂದೆಡೆ ಊರವರು ಗಡಿಯೆಂದು ತೋರಿಸಿದ್ದು ಅಂಕುಡೊಂಕಾದ ಒಂದು ಕಲ್ಲಿನ ಪಾಗಾರವನ್ನು. ಸರ್ವೆಯವರಿಗೆ ನೇರ ಗೆರೆಯ ಮೋಹವೆಂಬುದನ್ನು ಜಪಾಟಾ ಬಲ್ಲ. ಆರು ತಿಂಗಳು ಹಿಡಿದರೂ ಚಿಂತೆಯಿಲ್ಲ, ಪಾಗಾರದ ಪ್ರತಿಯೊಂದು ತಿರುವನ್ನೂ ಅಳೆದು ಅದನ್ನೇ ಗಡಿಯಾಗಿ ಬರೆಯಬೇಕು ಎಂದು ಆತ ತಾಕೀತು ಮಾಡಿದನೆಂದು ಆ ತಂಡದಲ್ಲಿದ್ದವರೊಬ್ಬರು ದಾಖಲಿಸಿದ್ದಾರೆ. ಹೀಗೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಬಹುಪಾಲಿನ ಗಡಿಗಳು ಗೊತ್ತಾದವು. ಪಡೆದ ನೆಲವನ್ನು ಹೇಗೆ ಬಳಸಬೇಕು, ಒಟ್ಟಾಗಿಯೋ ಬಿಡಿಯಾಗಿಯೋ ಎಂಬ ನಿರ್ಣಯವನ್ನು ಊರಿನ ರೂಢಿಗೇ ಬಿಡಲಾಯಿತು. ವಿಜ್ಞಾನ ಅಲ್ಲಿ ಇತ್ತು, ಅಳತೆಯ ಉಪಕರಣವೂ ಇತ್ತು. ಆದರೆ ಏನನ್ನು ಅಳೆಯಬೇಕೆಂಬುದನ್ನು ಹೇಳಿದವರು ಊರವರು. ಕೃಷಿ ವಿಜ್ಞಾನವನ್ನು ವೃತ್ತಿಯಾಗಿ ಹಿಡಿದವರೆಲ್ಲರೂ ಈ ಪಾಗಾರದ ಪ್ರಸಂಗವನ್ನು ಮನನ ಮಾಡಬೇಕು.

ಇನ್ನೊಂದು ಪ್ರಸಂಗದಲ್ಲಿ ಪಾಠ ಕಲಿಯಬೇಕಾಗಿ ಬಂದದ್ದು ಸ್ವತಃ ಜಪಾಟಾನಿಗೆ. ಕ್ರಾಂತಿಗೆ ಹಣ ಬೇಕಾಗಿತ್ತು. ಮುಟ್ಟುಗೋಲು ಹಾಕಿಕೊಂಡ ಸಕ್ಕರೆ ಕಾರ್ಖಾನೆಗಳಲ್ಲಿ ಕೆಲವನ್ನು ಆತನ ದಳಪತಿಗಳು ಮತ್ತೆ ನಡೆಸಿದರು. ಮೆಣಸಿನಕಾಯಿ, ಈರುಳ್ಳಿ, ಟೊಮ್ಯಾಟೊ ಬೆಳೆಯುತ್ತ ಕುಳಿತರೆ ಬಡತನ ನೀಗದು, ಕಬ್ಬು ಹಾಕಿ ಎಂದು ಆತ ಊರವರಿಗೆ ಬುದ್ಧಿ ಹೇಳಿದ. ಊರವರು ಅವನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದರು. ಆದರೂ ಬಹುಮಂದಿ ಕಬ್ಬು ಹಾಕಲಿಲ್ಲ. ಮೆಕ್ಕೆಜೋಳ, ಬೀನ್ಸ್, ಕಡಲೆ, ತರಕಾರಿ ಬೆಳೆದರು, ಕೋಳಿ ಸಾಕಿದರು. ಇದನ್ನು ಹಿಂದುಳಿದವರ ಹಠವೆಂದು ತಳ್ಳಿಹಾಕುವುದು ಸುಲಭ. ಆದರೆ ಕಬ್ಬು ಬೆಳೆದವನು ಕಾರ್ಖಾನೆಗೆ, ಅದರ ಬೆಲೆಗೆ, ಸಾಲ ಕೊಡುವವನಿಗೆ ಅಧೀನ. ಜೋಳ ಬೆಳೆದವನು ಮೊದಲು ತನ್ನ ಕಣಜ ತುಂಬಿಸಿ, ಉಳಿದದ್ದನ್ನು ಸಂತೆಗೆ ಒಯ್ಯುತ್ತಾನೆ. ತಾವು ಯಾವುದರ ವಿರುದ್ಧ ಹೋರಾಡಿದೆವೆಂಬುದು ಅವರಿಗೆ ಮರೆತಿರಲಿಲ್ಲ. ಅದೇ ವರ್ಷ ರಾಜಧಾನಿಯಲ್ಲಿ ಜನ ಹಸಿವಿನಿಂದ ಕಂಗೆಟ್ಟಾಗ ಮೊರೆಲೋಸಿನ ಸಂತೆಗಳಲ್ಲಿ ಆಹಾರ ಅಗ್ಗವಾಗಿ, ಧಾರಾಳವಾಗಿ ಸಿಗುತ್ತಿತ್ತು. ಯಾವ ಬೆಳೆ ಎಂಬ ಪ್ರಶ್ನೆ ಯಾರ ಆಳ್ವಿಕೆ ಎಂಬ ಪ್ರಶ್ನೆಯೂ ಹೌದೆಂದು ಅವರು ಯಾವ ಭಾಷಣವೂ ಇಲ್ಲದೆ ತೋರಿಸಿಕೊಟ್ಟರು.

ಮಿತಿಗಳು

ಹಳ್ಳಿಗರನ್ನು ದೇವರಾಗಿಸುವುದು ಅವರನ್ನು ಮರೆಯುವಷ್ಟೇ ತಪ್ಪು. ಮೊರೆಲೋಸಿನ ಹೋರಾಟಕ್ಕೆ ಗಂಭೀರವಾದ ಮಿತಿಗಳಿದ್ದವು. ಹಸಿಯೆಂಡದೊಳಗೇ ವಾಸವಿದ್ದ ಕೂಲಿಗಳಲ್ಲಿ ಅನೇಕರು ಮಾಲಿಕನ ಆಶ್ರಯ ಬಿಟ್ಟು ಬರಲಿಲ್ಲ. ಹಕ್ಕುಪತ್ರದ ಮಾತು ಊರಿಲ್ಲದವರಿಗೆ ದೂರದ್ದಾಗಿತ್ತು. ಗಡಿಗಾಗಿ ಊರೂರುಗಳ ನಡುವೆಯೇ ಜಗಳಗಳಾದವು. ಸಂಕಟದ ದಿನಗಳಲ್ಲಿ ಸಂಶಯ ಬೆಳೆದು, ಯೋಜನೆಯನ್ನು ಬರೆದ ಮೊಂಟಾನ್ಯೊ ಮೇಷ್ಟರನ್ನೇ 1917ರಲ್ಲಿ ದ್ರೋಹಿಯೆಂದು ಅವರ ಕಡೆಯವರೇ ಗುಂಡಿಕ್ಕಿ ಕೊಂದರು. ರಾಜಧಾನಿಯನ್ನು ಹಿಡಿದೂ ಅದನ್ನು ಆಳಲು ಮನಸ್ಸು ಮಾಡದಿದ್ದುದರಿಂದ ಅಧಿಕಾರ ಕರಾನ್ಸಾನ ಪಕ್ಷಕ್ಕೆ ಹೋಯಿತು. ಊರನ್ನು ಚೆನ್ನಾಗಿ ಬಲ್ಲವರು ದೇಶದ ಕೀಲಿಕೈ ಬೇರೊಬ್ಬರ ಬಳಿ ಬಿಟ್ಟರೆ ಏನಾಗುತ್ತದೆಂಬುದಕ್ಕೂ ಇದು ನಿದರ್ಶನ.

ತೆತ್ತ ಬೆಲೆ ಘೋರವಾದದ್ದು. 1916ರಿಂದ ಕರಾನ್ಸಾನ ಸೇನೆ ಊರುಗಳನ್ನು ಸುಟ್ಟು ಸೂರೆಮಾಡಿತು. 1918ರ ಇನ್‌ಫ್ಲುಯೆಂಜಾ ಉಳಿದವರನ್ನು ಕಾಡಿತು. 1919ರ ಏಪ್ರಿಲ್ 10ರಂದು ಚಿನಮೆಕಾ ಎಂಬಲ್ಲಿ ಜಪಾಟಾನನ್ನು ಮೋಸದಿಂದ ಕೊಲ್ಲಲಾಯಿತು. 1910ರ ಜನಗಣತಿಯಲ್ಲಿ ಸುಮಾರು 1,80,000 ಇದ್ದ ಮೊರೆಲೋಸಿನ ಜನಸಂಖ್ಯೆ 1921ರಲ್ಲಿ ಒಂದು ಲಕ್ಷಕ್ಕಿಂತ ತುಸುವೇ ಹೆಚ್ಚಿತ್ತು.

ಸೋತವರ ಬೇಡಿಕೆ ಗೆದ್ದವರ ಕಾನೂನು

ಆದರೂ ಅವರ ಬೇಡಿಕೆ ಸೋಲಲಿಲ್ಲ. ಹಳ್ಳಿಗಳು ಜಪಾಟಾನ ಕಡೆ ವಾಲುವುದನ್ನು ತಡೆಯಲು ಕರಾನ್ಸಾ 1915ರ ಜನವರಿಯಲ್ಲಿಯೇ ಭೂಮಿ ಹಿಂದಿರುಗಿಸುವ ಕಾನೂನನ್ನು ಹೊರಡಿಸಬೇಕಾಯಿತು. 1917ರ ಸಂವಿಧಾನದ 27ನೇ ವಿಧಿ ನೆಲ ಮತ್ತು ನೀರಿನ ಮೂಲ ಒಡೆತನ ರಾಷ್ಟ್ರದ್ದೆಂದು ಸಾರಿ, ಊರೊಟ್ಟಿನ ಭೂಮಿಗೆ ಮನ್ನಣೆ ನೀಡಿತು. 1934ರಿಂದ 1940ರವರೆಗೆ ಅಧ್ಯಕ್ಷನಾಗಿದ್ದ ಲಾಸರೊ ಕಾರ್ದೆನಾಸ್ ಸುಮಾರು 1.8 ಕೋಟಿ ಹೆಕ್ಟೇರ್ ಭೂಮಿಯನ್ನು ಹಂಚಿದ. ವಾರ್ಧಾದಲ್ಲಿ ಹುಟ್ಟಿದ ಗದರ್ ಪಕ್ಷದ ಕ್ರಾಂತಿಕಾರಿ ಪಾಂಡುರಂಗ ಖಾನಖೋಜೆ 1920ರ ದಶಕದಲ್ಲಿ ಮೆಕ್ಸಿಕೋದ ರಾಷ್ಟ್ರೀಯ ಕೃಷಿ ಶಾಲೆಯಲ್ಲಿ ಅಧ್ಯಾಪಕನಾಗಿ, ಮೆಕ್ಕೆಜೋಳದ ತಳಿಗಳ ಮೇಲೆ ಕೆಲಸ ಮಾಡಿ, ರೈತರಿಗಾಗಿ ಮುಕ್ತ ಕೃಷಿ ಶಾಲೆಗಳನ್ನು ಕಟ್ಟಲು ಸಾಧ್ಯವಾದದ್ದು ಕ್ರಾಂತಿ ಹದಮಾಡಿದ ಈ ನೆಲದಲ್ಲಿಯೇ.

ಹಾಗೆಂದು ಕಥೆ ಸುಖಾಂತವಲ್ಲ. ಪೆಟ್ಟಿಗೆಯನ್ನು ಜೀವವಿರುವವರೆಗೂ ಕಾಪಾಡಿದ ಫ್ರಾಂಕೊ, ತನ್ನ ಊರಿನ ನೆಲದ ವ್ಯಾಜ್ಯ ಇನ್ನೂ ತೀರದಿರುವಾಗಲೇ 1947ರಲ್ಲಿ ಕೊಲ್ಲಲ್ಪಟ್ಟ. ಆಗ ದೇಶವನ್ನು ಆಳುತ್ತಿದ್ದುದು ಕ್ರಾಂತಿಯ ಹೆಸರು ಹೊತ್ತ ಪಕ್ಷವೇ. 1992ರಲ್ಲಿ 27ನೇ ವಿಧಿಗೆ ತಿದ್ದುಪಡಿ ತಂದು ಊರೊಟ್ಟಿನ ಭೂಮಿಯನ್ನು ಮಾರಾಟಕ್ಕೆ ತೆರೆಯಲಾಯಿತು. ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ 1994ರ ಜನವರಿ 1ರಂದೇ ಚಿಯಾಪಾಸ್ ಬೆಟ್ಟಗಳ ಮೂಲನಿವಾಸಿ ರೈತರು ಜಪಾಟಾನ ಹೆಸರು ಹೇಳಿ ಮತ್ತೆ ಎದ್ದರು. ಎಪ್ಪತ್ತೈದು ವರ್ಷಗಳ ಹಿಂದೆ ಸತ್ತವನ ಹೆಸರು ಜೀವಂತವಾಗಿದ್ದುದಕ್ಕೆ ಕಾರಣ ಪ್ರಶ್ನೆ ಜೀವಂತವಾಗಿದ್ದುದು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದನ್ನು ಬಲ್ಲವರಿಗೆ ಈ ಕಥೆ ಪರಕೀಯವೆನಿಸದು. ಅಲ್ಲಿಯೂ ಕಿಡಿ ಹೊತ್ತಿದ್ದು ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ. ಎಚ್. ಗಣಪತಿಯಪ್ಪನವರ ಸಂಘಟನೆ, ಸಮಾಜವಾದಿಗಳ ಬೆಂಬಲ, ರಾಮಮನೋಹರ ಲೋಹಿಯಾರ ಬಂಧನ ಇವೆಲ್ಲ ಆ ಹೋರಾಟಕ್ಕೆ ಬಲ ತಂದವು. ಆದರೆ ಕೊಳಗ ದೊಡ್ಡದಾಗಿದೆಯೆಂದು ಮೊದಲು ಕಂಡವರು ಕಣದಲ್ಲಿ ಭತ್ತ ಅಳೆದುಕೊಟ್ಟವರು. ಉಳುವವನೇ ಹೊಲದೊಡೆಯನೆಂಬ ಮಾತು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಬಲ ಪಡೆಯುವ ಹೊತ್ತಿಗೆ ಇಪ್ಪತ್ತಮೂರು ವರ್ಷ ಕಳೆದಿದ್ದವು.

ಪರಿಸರ ಚಳವಳಿಗಳು ಇಂದು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿಯೇ ಇದೆ. ಚಳವಳಿಗೆ ವಿಜ್ಞಾನಿ ಬೇಕು, ವಕೀಲ ಬೇಕು, ನಗರದ ಮಿತ್ರರೂ ಬೇಕು. ಆದರೆ ಕಾಡಿನಂಚಿನ ಊರುಗಳಿಗೆ ನಕ್ಷೆ ಹಿಡಿದು ಬರುವವರಲ್ಲಿ ಸರ್ಕಾರದವರಷ್ಟೇ ಚಳವಳಿಯವರೂ ನೇರ ಗೆರೆ ಎಳೆಯಲು ಆತುರಪಡುವುದುಂಟು. ಸಭೆಗೆ ಎಷ್ಟು ಜನ ಬಂದರೆಂದು ಎಣಿಸಲಾಗುತ್ತದೆ. ಬಂದವರು ಯಾವ ಗಡಿಯನ್ನು ತೋರಿಸಿದರು, ಯಾವ ಬೆಳೆ ಬೇಡವೆಂದರು, ಊರೊಳಗೇ ನೆಲವಿಲ್ಲದವರ ಮಾತೇನು ಎಂಬುದನ್ನು ಬರೆದುಕೊಳ್ಳುವವರು ಕಡಿಮೆ. ಮನವಿಪತ್ರ ಸಿದ್ಧವಾದ ಮೇಲೆ ಸಹಿಗಾಗಿ ಊರಿಗೆ ಹೋಗುವ ಕ್ರಮ ತಿರುಗಬೇಕು. ಮೊದಲು ಊರಿನ ಹಿರಿಯರೊಡನೆ, ಹೆಂಗಸರೊಡನೆ, ಕೂಲಿಯವರೊಡನೆ ಬೇಲಿಯುದ್ದಕ್ಕೂ ನಡೆಯುವುದು, ಅನಂತರ ಬರೆಯುವುದು ಆಗಲಿ. ಅದಕ್ಕೆ ಆರು ತಿಂಗಳು ಹಿಡಿದರೂ ಆ ಕಾಲ ವ್ಯರ್ಥವಲ್ಲ.